ಎಣ್ಣೆ ಬೇಡ, ಗಾಳಿ ಕೊಡಿ: ಮಲೆನಾಡಿನ ಕಾರು ಮತ್ತು ಚರ್ಮದ ಸೀಟು

ಆಲೂರು ಕಡೆಯ ಕುಂದೂರು ಹೋಬಳಿಯ ತೋಟದ ಮನೆಗಳಲ್ಲಿ ಆರಿದ್ರಾ ಮಳೆ ಹಿಡಿದು ಹದಿನೈದು ದಿನ ಕಳೆಯಿತೆಂದರೆ ಬೂಷ್ಟು ಹಿಡಿಯದ ವಸ್ತು ಸಿಗುವುದೇ ಕಷ್ಟ. ಬೀರುವಿನೊಳಗಿನ ಬೆಲ್ಟು, ಗೋಡೆಗೆ ತೂಗುಹಾಕಿದ ಚೀಲ, ಮೂಲೆಯಲ್ಲಿ ಬಿಟ್ಟ ಬೂಟು, ಎಲ್ಲದರ ಮೇಲೂ ಬೂದು ಬಿಳುಪಿನ ಪುಡಿ ಕೂರುತ್ತದೆ. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಕಾರಿನ ಸೀಟೂ ಸೇರಿದೆ. ಹಿಂದೆ ಸಕಲೇಶಪುರ, ಆಲೂರಿನ ಗುಡ್ಡದ ದಾರಿಗಳಲ್ಲಿ ಓಡಾಡುತ್ತಿದ್ದ ಜೀಪುಗಳಿಗೆ ರೆಕ್ಸಿನ್ ಸೀಟಿರುತ್ತಿತ್ತು, ಪಕ್ಕಗಳು ತೆರೆದಿರುತ್ತಿದ್ದವು. ಎಷ್ಟು ನೆನೆದರೂ ಅಷ್ಟೇ ಬೇಗ ಗಾಳಿಗೆ ಆರುತ್ತಿದ್ದವು. ಈಗಿನ ಕಾರಿಗೆ ಗಾಜು ಏರಿಸಿದರೆ ಗಾಳಿಯಾಡುವ ಸಂದಿಯೇ ಇಲ್ಲ. ಒಳಗೆ ಮೆತ್ತನೆಯ ಕಾರ್ಪೆಟ್ಟು, ದಪ್ಪ ಸ್ಪಾಂಜು, ಅದರ ಮೇಲೆ ಚರ್ಮ. ಹೀಗಿರುವ ಸೀಟಿಗೆ ಏನು ಮಾಡಬೇಕೆಂದು ಕೇಳಿದರೆ ಡಬ್ಬಿಯ ಮೇಲಿನ ಬರಹವೂ ವಿಡಿಯೊಗಳೂ ಹೇಳುವುದು ಒಂದೇ ಮಾತು: ಚರ್ಮ ಒಣಗಿ ಬಿರಿಯುತ್ತದೆ, ಆಗಾಗ ಕಂಡಿಷನರ್ ತಿಕ್ಕಿ. ಈ ಸಲಹೆಯ ಹಿಂದಿರುವುದು ಒಣ ಹವೆಯ, ಸುಡುವ ಬಿಸಿಲಿನ ನಾಡುಗಳ ಭಯ. ನಮ್ಮ ಗುಡ್ಡಗಳಲ್ಲಿ ಅದನ್ನು ಹಾಗೆಯೇ ಪಾಲಿಸಿದರೆ ಸೀಟು ಉಳಿಯುವುದಕ್ಕಿಂತ ಬೇಗ ಹಾಳಾಗುವ ಸಂಭವವೇ ಹೆಚ್ಚು. ಇಲ್ಲಿ ಚರ್ಮವನ್ನು ಕೆಡಿಸುವುದು ಎಣ್ಣೆಯ ಕೊರತೆಯಲ್ಲ, ಒಳಗೆ ನಿಂತ ನೀರು.

ಸಕಲೇಶಪುರ ಸೀಮೆಯಲ್ಲಿ ವರ್ಷಕ್ಕೆ ಸುಮಾರು 2,000 ಮಿ.ಮೀ. ಅಥವಾ ಅದಕ್ಕೂ ಹೆಚ್ಚು ಮಳೆ ಸುರಿಯುತ್ತದೆ; ಬಿಸಿಲೆ, ಶಿರಾಡಿ ಘಟ್ಟಗಳ ಅಂಚಿಗೆ ಹೋದಷ್ಟೂ ಅದು ಏರುತ್ತದೆ, ಆಲೂರಿನ ಪೂರ್ವಕ್ಕೆ ಬಂದಷ್ಟೂ ಇಳಿಯುತ್ತದೆ. ಬೆಂಗಳೂರಿನ ವಾರ್ಷಿಕ ಮಳೆ 1,000 ಮಿ.ಮೀ. ಆಸುಪಾಸು. ಆದರೆ ಸೀಟಿನ ಮಟ್ಟಿಗೆ ಒಟ್ಟು ಮಳೆಗಿಂತ ಮುಖ್ಯವಾದದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡುವಿಲ್ಲದೆ ಗಾಳಿಯಲ್ಲಿ ಉಳಿಯುವ ತೇವ. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 70 ದಾಟಿ ಕೆಲವು ದಿನ ಹಾಗೆಯೇ ನಿಂತರೆ ಬೂಷ್ಟಿನ ಬೀಜಕಣಗಳು ಮೊಳೆಯಲು ಶುರುಮಾಡುತ್ತವೆ. ಈ ಕಣಗಳು ಎಲ್ಲೆಲ್ಲಿಯೂ ಇವೆ, ಹೊರಗಿನಿಂದ ತರಬೇಕಾಗಿಲ್ಲ. ಅವಕ್ಕೆ ಬೇಕಾದದ್ದು ತೇವ ಮತ್ತು ಒಂದಿಷ್ಟು ಆಹಾರ. ಬೆವರು, ಕೈಯ ಜಿಡ್ಡು, ಚೆಲ್ಲಿದ ಹಾಲು, ಬಿಸ್ಕತ್ತಿನ ಪುಡಿ ಆಹಾರವಾಗುತ್ತವೆ; ಮೇಲಿಂದ ತಿಕ್ಕಿದ ಎಣ್ಣೆಯೂ ಆಗುತ್ತದೆ. ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣದಲ್ಲಿ ಹರಡಿದ ಕಾಫಿಯ ತೇವಾಂಶ ನೂರಕ್ಕೆ 10ರಿಂದ 12ಕ್ಕೆ ಇಳಿಯುವವರೆಗೆ ಅವರು ಅದನ್ನು ಮೂಟೆ ಕಟ್ಟುವುದಿಲ್ಲ, ಕಟ್ಟಿದರೆ ಬೂಷ್ಟು ಬರುತ್ತದೆಂದು ಗೊತ್ತು. ಕಾಫಿಗೆ ಹಿಡಿಯುವ ಆಸ್ಪರ್ಜಿಲಸ್, ಪೆನಿಸಿಲಿಯಂ ಕುಲದ ಶಿಲೀಂಧ್ರಗಳೇ ಚರ್ಮದ ಮೇಲೂ ಬೆಳೆಯುತ್ತವೆ. ಅಂಗಳದ ಕಾಫಿಯ ಬಗ್ಗೆ ಇರುವ ಈ ತಿಳಿವಳಿಕೆಯನ್ನು ಅದೇ ಅಂಗಳದಲ್ಲಿ ನಿಂತ ಕಾರಿಗೂ ಅನ್ವಯಿಸಬೇಕು ಎನ್ನುವುದಷ್ಟೇ ನನ್ನ ವಾದ.

ಎಣ್ಣೆ ಏಕೆ ಬೇಡ ಎಂಬುದನ್ನು ಒಪ್ಪಬೇಕಾದರೆ ಕಾರಿನ ಚರ್ಮ ಹೇಗೆ ತಯಾರಾಗುತ್ತದೆ ಎಂದು ನೋಡಬೇಕು. ಹಸಿ ಚರ್ಮ ಎಂದರೆ ಕೊಲಾಜನ್ ಎಂಬ ಪ್ರೋಟೀನಿನ ನಾರುಗಳ ಹೆಣಿಗೆ. ಹಾಗೆಯೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಮರದ ಹಲಗೆಯಷ್ಟು ಗಟ್ಟಿಯಾಗುತ್ತದೆ. ನಮ್ಮಲ್ಲಿ ತಂಗಡಿ ಗಿಡದ ತೊಗಟೆಯ ಒಗರಿನಲ್ಲಿ ಅದನ್ನು ವಾರಗಟ್ಟಲೆ ನೆನೆಹಾಕಿ ಹದಮಾಡುತ್ತಿದ್ದರು. 1884ರಲ್ಲಿ ಅಮೆರಿಕದ ಅಗಸ್ಟಸ್ ಶುಲ್ಟ್ಜ್ ಕ್ರೋಮಿಯಂ ಲವಣ ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದು ಬೆಳೆದು ಬಂದ ಮೇಲೆ ವಾರಗಳ ಕೆಲಸ ದಿನಗಳಿಗೆ ಇಳಿಯಿತು. ಇಂದಿನ ಕಾರಿನ ಚರ್ಮ ಕ್ರೋಮಿಯಂನಲ್ಲೋ, ಅದಿಲ್ಲದ ಬೇರೆ ರಾಸಾಯನಿಕಗಳಲ್ಲೋ ಹದವಾದದ್ದು. ಹದವಾದ ಮೇಲೆ ದೊಡ್ಡ ಪೀಪಾಯಿಗಳಲ್ಲಿ ಉರುಳಿಸುತ್ತ, ಬಿಸಿನೀರಿನಲ್ಲಿ ಕದಡಿದ ಎಣ್ಣೆಯನ್ನು ಅದರ ನಾರುನಾರಿಗೂ ಹೋಗುವಂತೆ ಮಾಡುತ್ತಾರೆ. ಚರ್ಮದ ಮೃದುತನ ಬರುವುದು ಇಲ್ಲಿಂದ, ಕಾರ್ಖಾನೆಯಲ್ಲೇ. ಕೊನೆಯಲ್ಲಿ ಮೇಲ್ಮೈಗೆ ಬಣ್ಣದ ಲೇಪ, ಅದರ ಮೇಲೆ ಪಾಲಿಯುರೆಥೇನಿನ ತೆಳು ಪದರ ಬೀಳುತ್ತದೆ. ಈ ಲೇಪ 0.15 ಮಿ.ಮೀ. ಮೀರದಿದ್ದರೆ ಮಾತ್ರ ಅಂತರರಾಷ್ಟ್ರೀಯ ಮಾನಕದಂತೆ ಅದನ್ನು ಬರೀ ‘ಚರ್ಮ’ ಎಂದು ಕರೆಯಬಹುದು. ಇಷ್ಟು ತೆಳುವಾದ ಈ ಪದರವೇ ಬೆವರು, ಬಿಸಿಲು, ಉಜ್ಜಾಟ ಎಲ್ಲವನ್ನೂ ತಡೆಯುತ್ತಿರುತ್ತದೆ. ನಾವು ಮುಟ್ಟುವುದೂ ಇದನ್ನೇ, ತೊಳೆಯುವುದೂ ಇದನ್ನೇ, ಕಂಡಿಷನರ್ ಹಚ್ಚುವುದೂ ಇದರ ಮೇಲೆಯೇ. ಕೆಳಗಿನ ನಾರಿಗೆ ಎಣ್ಣೆ ಇಳಿಯುವುದಿಲ್ಲ. ಮೇಲೆ ಉಳಿದು ಧೂಳನ್ನು ಹಿಡಿಯುತ್ತದೆ, ಆ ಧೂಳು ಕೂತವರ ಪ್ರತಿ ಅಲುಗಾಟಕ್ಕೂ ಲೇಪವನ್ನು ಸವೆಸುತ್ತದೆ. ನಮ್ಮ ಕೆಂಪು ಮಣ್ಣಿನ ಧೂಳಿನಲ್ಲಿರುವ ಮರಳಿನ ಕಣಗಳಿಗೆ ಆ ಕೆಲಸ ಸುಲಭ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಹಳೆಯ ಕಾಲದವರು ಚಪ್ಪಲಿಗೆ, ಮಿಣಿಗೆ ಹರಳೆಣ್ಣೆ ತಿಕ್ಕಿ ವರ್ಷಗಟ್ಟಲೆ ಬಾಳಿಸಿದರಲ್ಲ? 1878ರಲ್ಲಿ ಶುರುವಾದ ಇಂಗ್ಲೆಂಡಿನ ಕಾನಲಿ ಸಂಸ್ಥೆ ರೋಲ್ಸ್ ರಾಯ್ಸ್ ಕಾರುಗಳಿಗೆ ಚರ್ಮ ಒದಗಿಸುತ್ತ, ಜೊತೆಗೆ ಚರ್ಮಕ್ಕೆ ತಿನಿಸುವ ಲೇಪನವನ್ನೂ ಮಾರಲಿಲ್ಲವೆ? ಮಾರಿತು, ನಿಜ. ಹರಳೆಣ್ಣೆಯ ಅನುಭವವೂ ಸುಳ್ಳಲ್ಲ. ಆದರೆ ತೊಗಟೆಯಲ್ಲಿ ಹದವಾದ, ಲೇಪವಿಲ್ಲದ ಚಪ್ಪಲಿಯ ಚರ್ಮ ಎಣ್ಣೆ ಹೀರಬಲ್ಲದು. ಕೆಸರಿನಲ್ಲಿ ನೆನೆದು ಬಿಸಿಲಿನಲ್ಲಿ ಒಣಗುವ ಅದಕ್ಕೆ ನೀರು ತಡೆಯಲು ಜಿಡ್ಡು ಬೇಕಿತ್ತು. ಅಂಥ ಹಳೆಯ ಚರ್ಮದ ವಿಷಯದಲ್ಲೂ ಪಂಡಿತರ ಅಭಿಪ್ರಾಯ ಬದಲಾಗಿದೆ ಎನ್ನುವುದನ್ನು ಗಮನಿಸಬೇಕು. ಇಪ್ಪತ್ತನೆಯ ಶತಮಾನದ ಬಹುಭಾಗ ಜಗತ್ತಿನ ಗ್ರಂಥಾಲಯಗಳು ಹಳೆಯ ಪುಸ್ತಕಗಳ ಚರ್ಮದ ರಟ್ಟಿಗೆ ಬ್ರಿಟಿಷ್ ಮ್ಯೂಸಿಯಂನ ಹೆಸರಿನ ಒಂದು ಲೇಪನವನ್ನು ಹಚ್ಚುತ್ತಿದ್ದವು: ಕುರಿಯ ಉಣ್ಣೆಯ ಜಿಡ್ಡು, ದೇವದಾರು ಜಾತಿಯ ಮರದ ಎಣ್ಣೆ, ಜೇನುಮೇಣ ಅದರಲ್ಲಿದ್ದವು. ದಶಕಗಳ ನಂತರ ನೋಡಿದಾಗ ಹಚ್ಚಿದ ಚರ್ಮ ಹಚ್ಚದ್ದಕ್ಕಿಂತ ಹೆಚ್ಚು ಬಾಳಿದ್ದು ಕಾಣಲಿಲ್ಲ. ಬದಲಿಗೆ ಅಂಟಾಯಿತು, ಕಪ್ಪಾಯಿತು, ಮೇಲೆ ಬಿಳಿಯ ಜಿಡ್ಡು ಮೂಡಿತು, ಬೂಷ್ಟನ್ನೂ ಕರೆಯಿತು. ಇಂದು ಸಂರಕ್ಷಣಾ ತಜ್ಞರು ಬಹುಮಟ್ಟಿಗೆ ಈ ಪದ್ಧತಿಯನ್ನೇ ಕೈಬಿಟ್ಟಿದ್ದಾರೆ. ಅವರು ಹೇಳುವುದು ಕೋಣೆಯ ಆರ್ದ್ರತೆಯನ್ನು ನೂರಕ್ಕೆ 50ರ ಆಸುಪಾಸಿನಲ್ಲಿ ಇಡಿ, ಧೂಳು ಒರೆಸಿ ಎಂದಷ್ಟೆ. ಕೆಲವು ದುಬಾರಿ ಕಾರುಗಳಲ್ಲಿ ಲೇಪ ತೀರ ಕಡಿಮೆಯಿರುವ ಚರ್ಮವೂ ಬರುತ್ತದೆ. ಕಣ್ಣಿಗೆ ಬೀಳದ ಕಡೆ ಒಂದು ಹನಿ ನೀರಿಟ್ಟಾಗ ಅದು ಹೀರಿಕೊಂಡು ಕಪ್ಪಾದರೆ ನಿಮ್ಮದು ಅಂಥದ್ದು. ಅದಕ್ಕೆ ಮಾತ್ರ ವರ್ಷಕ್ಕೊಮ್ಮೆ, ಮಳೆ ಮುಗಿದು ಎಲ್ಲ ಒಣಗಿದ ಮೇಲೆ, ತೆಳುವಾಗಿ ಕ್ರೀಮು ಹಚ್ಚಬಹುದು. ಮಳೆಗಾಲಕ್ಕೆ ಮುಂಚೆ ಹಚ್ಚಿ ರಕ್ಷಣೆ ಕೊಟ್ಟೆವೆಂದು ಭಾವಿಸುವುದು ಬೂಷ್ಟಿಗೆ ಊಟ ಬಡಿಸಿದಂತೆ.

ಹಾಗಾದರೆ ನೀರು ಎಲ್ಲಿಂದ ಬರುತ್ತದೆ? ಹೊರಗಿನ ತೇವದ ಗಾಳಿಯಿಂದ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿದರೆ ಬೇರೆಯದೇ ಕಾಣುತ್ತದೆ. ಒಂದು ಸಾಧಾರಣ ಕಾರಿನೊಳಗೆ ಹಿಡಿಸುವುದು ಸುಮಾರು 3 ಘನ ಮೀಟರ್ ಗಾಳಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಅಂದರೆ ಇಡೀ ಕಾರಿನ ಗಾಳಿಯಲ್ಲಿರುವ ನೀರು 50 ಗ್ರಾಂ ಮಾತ್ರ. ಕೂತಿರುವ ಒಬ್ಬ ವ್ಯಕ್ತಿ ಉಸಿರು, ಚರ್ಮದ ಮೂಲಕವೇ ಗಂಟೆಗೆ 40 ಗ್ರಾಂ ಆಸುಪಾಸಿನ ನೀರಾವಿ ಬಿಡುತ್ತಾನೆ. ನಾಲ್ವರು ಕೂತು ಒಂದು ಗಂಟೆ ಹೋದರೆ ಅದು 160 ಗ್ರಾಂ. ಒದ್ದೆ ಕೊಡೆ, ತೊಟ್ಟಿಕ್ಕುವ ಮಳೆಕೋಟು, ಗಂಬೂಟಿನ ಕೆಸರು ಇದಕ್ಕಿಂತ ಎಷ್ಟೋ ಹೆಚ್ಚು ತರುತ್ತವೆ. ರಬ್ಬರ್ ಮ್ಯಾಟಿನ ಕೆಳಗಿರುವ ಕಾರ್ಪೆಟ್ಟೂ ಅದರಡಿಯ ಸ್ಪಾಂಜೂ ಲೀಟರುಗಟ್ಟಲೆ ಹೀರಿ, ಮೇಲೆ ಒಣಗಿದಂತೆ ಕಾಣುತ್ತಲೇ ತಿಂಗಳಾನುಗಟ್ಟಲೆ ಆವಿ ಬಿಡುತ್ತಿರುತ್ತವೆ. ಆದ್ದರಿಂದ ಬೂಷ್ಟು ಸೀಟಿನ ಮೇಲೆ ಕಂಡರೂ ಹುಡುಕಬೇಕಾದದ್ದು ಕಾಲ ಕೆಳಗೆ. ಮ್ಯಾಟು ಎತ್ತಿ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ ನೋಡಬೇಕು. ಒದ್ದೆಯಿದ್ದರೆ ಕೊಡೆಯೊಂದೇ ಕಾರಣವಲ್ಲದಿರಬಹುದು. ವೈಪರ್‌ನ ಬುಡದಲ್ಲಿ ಮಳೆನೀರು ಇಳಿದುಹೋಗುವ ಕಿಂಡಿಗಳಿವೆ, ಸನ್‌ರೂಫ್ ಇರುವ ಕಾರಿನಲ್ಲಿ ಅದರ ನಾಲ್ಕು ಮೂಲೆಗಳಿಂದ ಸಣ್ಣ ಪೈಪುಗಳು ಇಳಿದಿರುತ್ತವೆ. ತೋಟದ ಸಿಲ್ವರ್ ಓಕಿನ ಎಲೆ, ಹತ್ತಿಯ ಎಳೆ, ಪಾಚಿ ಸೇರಿ ಇವು ಕಟ್ಟಿಕೊಂಡರೆ ನೀರು ಒಳಕ್ಕೆ ತಿರುಗುತ್ತದೆ. ಎ.ಸಿ.ಯ ನೀರು ಹೊರಬೀಳುವ ಪೈಪು ಕಟ್ಟಿದರೂ ಮುಂದಿನ ಎಡಸೀಟಿನ ಕಾಲ ಬಳಿ ನೆನೆಯುತ್ತದೆ. ಮೇ ತಿಂಗಳಲ್ಲಿ ಮನೆಯ ಹೆಂಚಿನ ಮೇಲಿನ ಎಲೆ ಗುಡಿಸಿ ದೋಣಿ ಸ್ವಚ್ಛಮಾಡುವ ದಿನವೇ ಕಾರಿನ ಈ ಕಿಂಡಿಗಳನ್ನೂ ಬಿಡಿಸಿದರೆ ಯಾವ ಡಬ್ಬಿಯ ಕ್ರೀಮೂ ಮಾಡದ ಉಪಕಾರವಾಗುತ್ತದೆ.

ಒಣಗಿಸುವ ಉಪಾಯ ಕಾರಿನಲ್ಲೇ ಇದೆ. ಎ.ಸಿ. ತಂಪುಮಾಡುವಾಗ ಗಾಳಿಯ ನೀರನ್ನು ಹಿಂಡಿ ಕೆಳಗೆ ತೊಟ್ಟಿಕ್ಕಿಸುತ್ತದೆ. ಮಳೆಗಾಲದಲ್ಲಿ ಚಳಿಯೆಂದು ಅದನ್ನು ಆರಿಸಿಡುವುದು ಸಹಜ, ಆದರೆ ಎ.ಸಿ.ಯನ್ನೂ ಬಿಸಿಯನ್ನೂ ಒಟ್ಟಿಗೆ ಹಾಕಿದರೆ ಒಣ ಬೆಚ್ಚನೆಯ ಗಾಳಿ ಬರುತ್ತದೆ, ಗಾಜಿನ ಮಂಜೂ ಹೋಗುತ್ತದೆ. ಬೆಚ್ಚಗಾಗುವುದು ಎಷ್ಟು ಮುಖ್ಯ ಎನ್ನುವುದಕ್ಕೂ ಲೆಕ್ಕವಿದೆ. 20 ಡಿಗ್ರಿಯಲ್ಲಿ ನೂರಕ್ಕೆ 90 ಆರ್ದ್ರತೆಯಿರುವ ಗಾಳಿಯನ್ನು ನೀರು ಸೇರಿಸದೆ 25 ಡಿಗ್ರಿಗೆ ಏರಿಸಿದರೆ ಅದರ ಆರ್ದ್ರತೆ 66ರ ಆಸುಪಾಸಿಗೆ ಇಳಿಯುತ್ತದೆ, ಅಂದರೆ ಬೂಷ್ಟಿನ ಗೆರೆಯಿಂದ ಕೆಳಕ್ಕೆ. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದ ಸಾಮಾನು ಕೆಡದೆ ಉಳಿಯುತ್ತಿದ್ದುದಕ್ಕೆ ಇದೂ ಒಂದು ಕಾರಣ. ಮನೆ ಸೇರುವ ಕೆಲವು ನಿಮಿಷ ಮುಂಚೆ ಎ.ಸಿ. ಆರಿಸಿ, ಹೊರಗಾಳಿ ಬರುವಂತಿಟ್ಟು ಫ್ಯಾನ್ ಮಾತ್ರ ಓಡಿಸಿದರೆ ಎ.ಸಿ.ಯೊಳಗಿನ ತಂಪು ಸುರುಳಿಯೂ ಒಣಗುತ್ತದೆ, ಮುಗ್ಗಲು ವಾಸನೆ ಕಡಿಮೆಯಾಗುತ್ತದೆ. ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಚೀಟಿಗಳನ್ನು ನಾಲ್ಕಾರು ಎಸೆದರೆ ಏನೂ ಆಗದು; ಅದು ಹೀರುವುದು ಹೆಚ್ಚೆಂದರೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು. ಕಿಲೋ ಲೆಕ್ಕದಲ್ಲಿಟ್ಟು ಆಗಾಗ ಹುರಿದು ಒಣಗಿಸಿ ಮತ್ತೆ ಇಟ್ಟರೆ ಮಾತ್ರ ಪ್ರಯೋಜನ, ಅದೂ ಕಾರ್ಪೆಟ್ಟು ಒಣಗಿದ್ದರೆ. ನಿಲ್ಲಿಸುವ ಜಾಗ ಮೇಲ್ಛಾವಣಿಯಿದ್ದು ಪಕ್ಕ ತೆರೆದ ಶೆಡ್ಡಾಗಿರಲಿ, ಗಾಜು ಬೆರಳಗಲ ಇಳಿದಿರಲಿ. ಇಲಿ ಬರುತ್ತದಲ್ಲ ಎಂದು ಕೇಳುವವರ ಆತಂಕ ನ್ಯಾಯವಾದದ್ದೇ. ಆ ಸಂದಿಗೆ ಸೊಳ್ಳೆ ಪರದೆಯಂಥ ತಂತಿಬಲೆ ಕತ್ತರಿಸಿ ಸಿಕ್ಕಿಸಿದರೆ ಸಾಕು. ಪ್ಲಾಸ್ಟಿಕ್ ಟಾರ್ಪಾಲು ಹೊದಿಸುವುದು ಮಾತ್ರ ಎಲ್ಲಕ್ಕಿಂತ ಕೆಟ್ಟದ್ದು. ನೆಲದ ಆವಿಯೆಲ್ಲ ಅದರೊಳಗೆ ಸೇರುತ್ತದೆ.

ಬೂಷ್ಟು ಬಂದೇಬಿಟ್ಟಿದ್ದರೆ ಮೊದಲು ಅದು ಬೂಷ್ಟೇ ಎಂದು ಖಾತ್ರಿಯಾಗಲಿ. ಒಳಗಿನ ಕೊಬ್ಬಿನಂಶ ಮೇಲೆ ಬಂದು ಕೂತರೂ ಬಿಳಿ ಪುಡಿಯಂತೆಯೇ ಕಾಣುತ್ತದೆ. ಕೂದಲು ಒಣಗಿಸುವ ಯಂತ್ರದಿಂದ ದೂರದಿಂದ ತುಸು ಬಿಸಿ ತಾಗಿಸಿದಾಗ ಕರಗಿ ಮಾಯವಾದರೆ ಅದು ಕೊಬ್ಬು, ಹಾಗೆಯೇ ಉಳಿದರೆ ಬೂಷ್ಟು. ಬೂಷ್ಟನ್ನು ಕಾರಿನೊಳಗೆ ಒಣ ಬಟ್ಟೆಯಿಂದ ಕೊಡವಬಾರದು, ಕಣಗಳು ಹಾರಿ ಎಲ್ಲ ಕಡೆ ಕೂರುತ್ತವೆ. ಉಬ್ಬಸ, ಅಲರ್ಜಿ ಇರುವವರಿಗೆ ಇದು ಬರೀ ಕೊಳೆಯ ಮಾತಲ್ಲ. ನಾಲ್ಕೂ ಬಾಗಿಲು ತೆರೆದು, ಮಾಸ್ಕ್ ಹಾಕಿಕೊಂಡು, ಹಿಂಡಿದ ಬಟ್ಟೆಯಿಂದ ಒತ್ತಿ ಒರೆಸಿ, ಬಟ್ಟೆಯನ್ನು ಆಗಾಗ ಬದಲಿಸಬೇಕು. ತೊಳೆಯಲು ಬಟ್ಟೆ ಸೋಪು, ಪಾತ್ರೆ ಪುಡಿ ಬೇಡ. ಚರ್ಮ ಸ್ವಭಾವತಃ ಸ್ವಲ್ಪ ಆಮ್ಲೀಯ, ಸೋಪು ಕ್ಷಾರೀಯ. ಹೊಲಿಗೆಯ ತೂತುಗಳಿಂದ, ಬಿರುಕುಗಳಿಂದ ಒಳಗಿಳಿದ ಕ್ಷಾರ ಹದವನ್ನೇ ಸಡಿಲಿಸುತ್ತದೆ. ಕ್ಷಾರವಿಲ್ಲದ ಮೃದುವಾದ ಚರ್ಮದ ಕ್ಲೀನರನ್ನು ಸ್ಪಾಂಜಿನಲ್ಲಿ ನೊರೆಯಾಗಿಸಿ, ಆ ನೊರೆಯಿಂದ ಮಾತ್ರ ಒರೆಸಿ, ಮತ್ತೆ ನೀರಿನ ಬಟ್ಟೆ, ಮತ್ತೆ ಒಣ ಬಟ್ಟೆ ಹಾಯಿಸಿದರೆ ಸಾಕು. ಬ್ಲೀಚ್ ಖಂಡಿತ ಬೇಡ. ಬಿಸಿಲಿನ ಬಗ್ಗೆ ನಮ್ಮವರಿಗಿರುವ ನಂಬಿಕೆಯನ್ನೂ ಇಲ್ಲಿ ತುಸು ತಿದ್ದಬೇಕಾಗುತ್ತದೆ. ಮಳೆ ಬಿಟ್ಟ ಹೊತ್ತಿನಲ್ಲಿ ಬಾಗಿಲು ತೆರೆದು ಗಾಳಿ, ಬೆಳಕು ಆಡಲು ಬಿಡುವುದು ಒಳ್ಳೆಯದೇ. ಆದರೆ ತೊಯ್ದ ಚರ್ಮವನ್ನು ಗಾಜು ಮುಚ್ಚಿ ಸುಡುಬಿಸಿಲಿನಲ್ಲಿ ನಿಲ್ಲಿಸಬಾರದು. ಒಣ ಚರ್ಮ ತಾಳುವ ಬಿಸಿಯನ್ನು ನೆನೆದ ಚರ್ಮ ತಾಳದು, ನಾರುಗಳು ಕುಗ್ಗಿ ಗಡುಸಾಗುತ್ತವೆ, ಹಾಗಾದ ಚರ್ಮ ಮತ್ತೆ ಮೃದುವಾಗುವುದಿಲ್ಲ. ನೆರಳಿನಲ್ಲಿ, ಫ್ಯಾನಿನ ಗಾಳಿಗೆ, ಎರಡು ದಿನ ಹಿಡಿದರೂ ಸರಿ.

ಇಷ್ಟೆಲ್ಲ ರಗಳೆ ಏಕೆ, ಮೇಲೊಂದು ಸೀಟ್ ಕವರ್ ಹಾಕಿಸಿದರೆ ಆಯಿತಲ್ಲ ಎಂಬ ಮಾತು ಬಹಳ ಕೇಳಿಬರುತ್ತದೆ. ಬೇಸಿಗೆಯ ಧೂಳಿನ ಮಟ್ಟಿಗೆ ಆ ಮಾತು ಸರಿ. ಮಳೆಗಾಲದಲ್ಲಿ ಚರ್ಮದ ಮೇಲೆ ಬಿಗಿಯಾದ ಇನ್ನೊಂದು ಪದರ ಕೂತರೆ ನಡುವಿನ ತೇವಕ್ಕೆ ಹೋಗಲು ದಾರಿಯಿಲ್ಲ; ಕವರ್ ತೆಗೆದ ದಿನ ಕಾಣುವ ಹಸಿರು ಕಪ್ಪು ಕಲೆಗಳು ಅಲ್ಲಿ ಬೆಳೆದವು. ಇನ್ನೊಂದು ಸಂಗತಿಯೂ ಇದೆ. ನಪ್ಪಾ, ಆರ್ಟ್ ಲೆದರ್ ಎಂದು ಮಾರುವ ಕವರುಗಳಲ್ಲಿ ಬಹುಪಾಲು ಚರ್ಮವೇ ಅಲ್ಲ, ಬಟ್ಟೆಯ ಮೇಲೆ ಪಾಲಿಯುರೆಥೇನ್ ಅಥವಾ ಪಿವಿಸಿ ಹೊದಿಸಿದ್ದು. ಕಂಪನಿಯಿಂದಲೇ ಬಂದ ಅನೇಕ ‘ಚರ್ಮದ’ ಸೀಟುಗಳಲ್ಲೂ ಮೈ ತಾಗುವ ಭಾಗ ಮಾತ್ರ ಚರ್ಮ, ಪಕ್ಕ ಮತ್ತು ಹಿಂಬದಿ ಕೃತಕ. ಅಂಚು ಮಡಿಚಿ ಒಳಭಾಗ ನೋಡಿದರೆ ಗೊತ್ತಾಗುತ್ತದೆ: ಚರ್ಮಕ್ಕೆ ನಾರುನಾರಾದ ಒಳಮೈ, ಕೃತಕಕ್ಕೆ ನೇಯ್ಗೆ ಅಥವಾ ಹೆಣಿಗೆಯ ಬಟ್ಟೆ. ಅಗ್ಗದ ಪಾಲಿಯುರೆಥೇನಿಗೆ ನಮ್ಮ ಹವೆ ವಿಶೇಷವಾಗಿ ಆಗದು. ಅದರ ಅಣುಸರಪಳಿಯನ್ನು ತೇವವೇ ಕಡಿಯುತ್ತದೆ, ಬಳಸದೆ ಇಟ್ಟರೂ ಕೆಲವೇ ವರ್ಷಗಳಲ್ಲಿ ಸಿಪ್ಪೆ ಏಳುತ್ತದೆ. ಆಮೇಲೆ ಯಾವ ಕ್ರೀಮು, ಯಾವ ಬಣ್ಣವೂ ಅದನ್ನು ಸರಿಮಾಡದು. ಹಳೆಯ ಜೀಪಿನ ರೆಕ್ಸಿನ್‌ಗೆ ಈ ತೊಂದರೆ ಇರಲಿಲ್ಲ, ಅದು ಗಡುಸಾಗಿ ಹರಿಯುತ್ತಿತ್ತೇ ವಿನಾ ಹೀಗೆ ಉದುರುತ್ತಿರಲಿಲ್ಲ. ಆದ್ದರಿಂದ ಈ ಸೀಮೆಯಲ್ಲಿ ಹೊಸ ಕಾರು ಕೊಳ್ಳುವವರು ನಿಜವಾದ ಚರ್ಮ ಸಿಗದಿದ್ದರೆ ಬಟ್ಟೆಯ ಸೀಟನ್ನೇ ಆರಿಸುವುದು ಮೇಲು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ನಿಜವಾದ ಚರ್ಮದ ದೊಡ್ಡ ಗುಣವೆಂದರೆ ಅದನ್ನು ದುರಸ್ತಿ ಮಾಡಬಹುದು. ಹತ್ತಿ ಇಳಿಯುವಾಗ ತೊಡೆ ಉಜ್ಜುವ ಡ್ರೈವರ್ ಸೀಟಿನ ಹೊರ ಅಂಚು ಮೊದಲು ಸವೆಯುತ್ತದೆ. ಅಲ್ಲಿ ಬಿರಿದದ್ದು ಹೆಚ್ಚಾಗಿ ಚರ್ಮವಲ್ಲ, ಮೇಲಿನ ಲೇಪ. ಜಿಡ್ಡನ್ನು ಪೂರ್ತಿ ತೆಗೆದು, ನಯವಾದ ಮರಳು ಕಾಗದದಿಂದ ಹಗುರವಾಗಿ ಉಜ್ಜಿ, ಬಳುಕುವ ಫಿಲ್ಲರನ್ನು ತೆಳು ಪದರಗಳಲ್ಲಿ ತುಂಬಿ, ಹೊಂದುವ ಬಣ್ಣ ಕೊಟ್ಟು, ಕೊನೆಗೆ ಪಾರದರ್ಶಕ ಲೇಪ ಹಾಕುತ್ತಾರೆ. ವರ್ಷಾನುಗಟ್ಟಲೆ ಎಣ್ಣೆ ತಿಕ್ಕಿದ ಸೀಟಿನಲ್ಲಿ ಈ ಹೊಸ ಲೇಪ ಸರಿಯಾಗಿ ಹಿಡಿಯುವುದಿಲ್ಲ. ಎಣ್ಣೆಯ ವಿರುದ್ಧ ಇದೂ ಒಂದು ಸಾಕ್ಷಿ. ಈ ಬಣ್ಣಗಳು ಬಹುತೇಕ ನೀರಿನಲ್ಲಿ ಕಲಸಿದವು, ನೀರು ಆರಿದರೆ ಮಾತ್ರ ಪದರ ಗಟ್ಟಿಯಾಗುತ್ತದೆ. ಜುಲೈನಲ್ಲಿ ಮಾಡಿಸಿದ ಕೆಲಸ ಅಂಟಂಟಾಗಿ ಉಳಿಯುವುದು ಕೆಲಸಗಾರನ ತಪ್ಪಲ್ಲ. ಡಿಸೆಂಬರ್‌ನಿಂದ ಹೂಮಳೆ ಬರುವವರೆಗಿನ ಒಣ ದಿನಗಳು ಇದಕ್ಕೆ ತಕ್ಕವು. ಕಾಫಿ ಕೊಯ್ಲಿನ ನಡುವೆ ಕಾರು ಬಿಟ್ಟಿರಲಾಗದು ಎನ್ನುವವರು ಅರೇಬಿಕ ಮುಗಿಯುತ್ತಲೇ ಫೆಬ್ರುವರಿಯಲ್ಲಿ ಒಂದು ವಾರ ಬಿಡುವು ಮಾಡಿಕೊಳ್ಳಬಹುದು. ಹರಿದ ಕಡೆ ಒಳಗಿನಿಂದ ಬಟ್ಟೆಯ ತೇಪೆ ಅಂಟಿಸಿ ಕೂಡಿಸುವುದು, ಒಂದೇ ತುಂಡು ಬದಲಿಸಿ ಹೊಲಿಯುವುದು ಹಾಸನದಂಥ ಊರುಗಳ ಕುಶನ್ ವರ್ಕ್ಸ್ ಅಂಗಡಿಯವರ ಕೈಗೆ ಚೆನ್ನಾಗಿ ಬರುವ ಕೆಲಸ. ಇಡೀ ಸೀಟಿಗೆ ಹೊಸ ಹೊದಿಕೆ ಹಾಕಿಸುವ ಮೊದಲು ಅವರನ್ನು ಈ ಬಗ್ಗೆ ಕೇಳಬೇಕು. ಒಂದು ಎಚ್ಚರ ಮಾತ್ರ ತಪ್ಪಬಾರದು. ಈಗಿನ ಅನೇಕ ಕಾರುಗಳಲ್ಲಿ ಮುಂದಿನ ಸೀಟಿನ ಹೊರ ಪಕ್ಕದಲ್ಲೇ ಏರ್‌ಬ್ಯಾಗ್ ಹುದುಗಿರುತ್ತದೆ, ಅಪಘಾತದ ಕ್ಷಣದಲ್ಲಿ ಅಲ್ಲಿನ ಹೊಲಿಗೆ ಬಿಚ್ಚಿಕೊಂಡು ಅದು ಹೊರಬರಬೇಕು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂಬ ಚೀಟಿ ಕಂಡರೆ ಆ ಹೊಲಿಗೆಯನ್ನು ಗಟ್ಟಿ ದಾರದಿಂದ ಮತ್ತೆ ಹೊಲಿಸಬಾರದು, ಅದರ ಮೇಲೆ ಬಿಗಿ ಕವರನ್ನೂ ಎಳೆಯಬಾರದು. ಆ ಭಾಗದ ಕೆಲಸವನ್ನು ಕಂಪನಿಯ ಸರ್ವಿಸ್ ಕೇಂದ್ರಕ್ಕೇ ಬಿಡಬೇಕು.